ಆಪರೇಶನ್ ವೇಳೆ ಬಿ.ಪಿ.: ತೋಳಿನ ಪಟ್ಟಿಯೋ, ಮಣಿಕಟ್ಟಿನ ನಳಿಕೆಯೋ?

ಕೊಣ್ಣೂರಿನಂಥ ಊರಿನಿಂದ ಬೆಳಗಾವಿಗೆ ದೊಡ್ಡ ಆಪರೇಶನ್ನಿಗೆಂದು ಹೋದಾಗ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಹೊತ್ತಿನಲ್ಲಿ ಅರಿವಳಿಕೆ ತಜ್ಞರು ಹೀಗೆ ಹೇಳಬಹುದು: 'ಮಣಿಕಟ್ಟಿನ ರಕ್ತನಾಳಕ್ಕೆ ಸಣ್ಣ ನಳಿಕೆ ಹಾಕಿ ಬಿ.ಪಿ. ನೋಡುತ್ತೇವೆ.' ಮನೆಯವರಿಗೆ ಗಾಬರಿ. ತೋಳಿಗೆ ಪಟ್ಟಿ ಕಟ್ಟಿ ನೋಡುವ ಬಿ.ಪಿ.ಗೆ ಚುಚ್ಚುವುದೇಕೆ? ಪ್ರಶ್ನೆ ನ್ಯಾಯವಾದದ್ದೇ.

ಅಳೆಯುವುದೇಕೆ?

ಅರಿವಳಿಕೆ ಔಷಧಗಳು ರಕ್ತನಾಳಗಳನ್ನು ಸಡಿಲಗೊಳಿಸುತ್ತವೆ. ಜೊತೆಗೆ ರಕ್ತಸ್ರಾವವೂ ಆಗಬಹುದು. ಎರಡರಿಂದಲೂ ಒತ್ತಡ ಇಳಿಯುತ್ತದೆ. ಎಚ್ಚರವಿಲ್ಲದ ರೋಗಿ 'ತಲೆ ಸುತ್ತುತ್ತಿದೆ' ಎಂದು ಹೇಳಲಾರ. ಮೆದುಳು, ಹೃದಯ, ಮೂತ್ರಪಿಂಡಗಳಿಗೆ ರಕ್ತ ತಲುಪಿಸುವಲ್ಲಿ ಮುಖ್ಯವಾದದ್ದು 'ಸರಾಸರಿ ಒತ್ತಡ'. ಮೇಲಿನ ಮತ್ತು ಕೆಳಗಿನ ಅಂಕಿಗಳ ವ್ಯತ್ಯಾಸದ ಮೂರನೇ ಒಂದು ಭಾಗವನ್ನು ಕೆಳಗಿನ ಅಂಕಿಗೆ ಕೂಡಿಸಿದರೆ ಅದು ಸಿಗುತ್ತದೆ. 120/80 ಇದ್ದರೆ ಸರಾಸರಿ ಸುಮಾರು 93. ಇದು 65ಕ್ಕಿಂತ ಕೆಳಗೆ ಹೆಚ್ಚು ಹೊತ್ತು ನಿಂತಷ್ಟೂ ಮೂತ್ರಪಿಂಡ ಮತ್ತು ಹೃದಯಕ್ಕೆ ಹಾನಿಯಾಗುವ ಸಂಭವ ಹೆಚ್ಚೆಂದು ಅಧ್ಯಯನಗಳು ತೋರಿಸಿವೆ.

ತೋಳಿನ ಪಟ್ಟಿ

ಗಾಳಿ ತುಂಬುವ ಪಟ್ಟಿಯನ್ನು 1896ರಲ್ಲಿ ಇಟಲಿಯ ರೀವಾ ರೋಚ್ಚಿ ಬಳಕೆಗೆ ತಂದರು. ಸ್ಟೆತಾಸ್ಕೋಪ್ ಇಟ್ಟು ಸದ್ದು ಕೇಳುವ ಕ್ರಮವನ್ನು 1905ರಲ್ಲಿ ರಷ್ಯಾದ ಕೊರೊಟ್ಕೊವ್ ತಿಳಿಸಿಕೊಟ್ಟರು. ಇಂದು ಆಪರೇಶನ್ ಥಿಯೇಟರಿನ ಯಂತ್ರ ತಾನೇ ಗಾಳಿ ತುಂಬಿ ಬಿಡುತ್ತದೆ. ಅದು ಸದ್ದು ಕೇಳುವುದಿಲ್ಲ. ರಕ್ತನಾಳದ ಮಿಡಿತದಿಂದ ಪಟ್ಟಿಯಲ್ಲಾಗುವ ಕಂಪನವನ್ನು ಗುರುತಿಸುತ್ತದೆ. ಕಂಪನ ಅತಿ ಹೆಚ್ಚಾದಲ್ಲಿ ಸರಾಸರಿ ಒತ್ತಡ. ಮೇಲಿನ, ಕೆಳಗಿನ ಅಂಕಿಗಳನ್ನು ಲೆಕ್ಕ ಹಾಕಿ ತೋರಿಸುತ್ತದೆ.

ಹರ್ನಿಯಾ, ಅಪೆಂಡಿಕ್ಸ್‌ನಂಥ ಹೆಚ್ಚಿನ ಆಪರೇಶನ್‌ಗಳಿಗೆ ಇದೇ ಸಾಕು. ಕನಿಷ್ಠ ಐದು ನಿಮಿಷಕ್ಕೊಮ್ಮೆ ನೋಡಬೇಕೆಂಬುದು ನಿಯಮ. ಸಿಸೇರಿಯನ್‌ಗೆ ಬೆನ್ನಿನಲ್ಲಿ ಇಂಜೆಕ್ಷನ್ ಕೊಟ್ಟಾಗ ಒತ್ತಡ ಬೇಗನೆ ಕುಸಿಯಬಹುದಾದ್ದರಿಂದ, ಮೊದಮೊದಲು ನಿಮಿಷ ಎರಡು ನಿಮಿಷಕ್ಕೊಮ್ಮೆ ನೋಡುತ್ತಾರೆ.

ಆದರೆ ಎರಡು ಅಳತೆಗಳ ನಡುವೆ ಏನಾಯಿತೆಂಬುದು ಪಟ್ಟಿಗೆ ತಿಳಿಯದು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಅಂಕಿ ಹೆಚ್ಚು ತೋರುತ್ತದೆ. ನಾಡಿ ಏರುಪೇರಾಗಿದ್ದರೂ, ಮೈ ನಡುಗುತ್ತಿದ್ದರೂ ಅಳತೆ ತಪ್ಪಬಹುದು. ಒತ್ತಡ ತೀರಾ ಇಳಿದಾಗ ಪಟ್ಟಿ ನಿಜಕ್ಕಿಂತ ಹೆಚ್ಚು ತೋರಿಸುವುದುಂಟು. ಅಂದರೆ ನಿಖರತೆ ಬೇಕಾದಲ್ಲೇ ಅದು ಸಡಿಲ.

ಮಣಿಕಟ್ಟಿನ ನಳಿಕೆ

ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಕುದುರೆಯ ರಕ್ತನಾಳಕ್ಕೆ ಗಾಜಿನ ಕೊಳವೆ ಜೋಡಿಸಿದಾಗ ರಕ್ತ ಎಂಟು ಅಡಿಗೂ ಮೇಲೇರಿತ್ತು. ಇದನ್ನು ಅವರು 1733ರಲ್ಲಿ ಪ್ರಕಟಿಸಿದರು. ಇಂದಿನ ನಳಿಕೆಯ ತತ್ವವೂ ಇದೇ. ನಾಡಿ ಸಿಗುವ ಜಾಗದಲ್ಲಿ ತೆಳ್ಳನೆಯ ಪ್ಲಾಸ್ಟಿಕ್ ನಳಿಕೆ ಹಾಕಿ, ಸಲೈನ್ ತುಂಬಿದ ಕೊಳವೆಯಿಂದ ಒತ್ತಡ ಅಳೆಯುವ ಸಾಧನಕ್ಕೆ ಜೋಡಿಸುತ್ತಾರೆ. ಪ್ರತಿ ಬಡಿತವೂ ಪರದೆಯ ಮೇಲೆ ಅಲೆಯಾಗಿ ಕಾಣುತ್ತದೆ. ಪರೀಕ್ಷೆಗೆ ಬೇಕಾದ ರಕ್ತವನ್ನೂ ಇಲ್ಲಿಂದಲೇ ತೆಗೆಯಬಹುದು. ಹೃದಯ ಮತ್ತು ಮೆದುಳಿನ ದೊಡ್ಡ ಆಪರೇಶನ್, ಹೆಚ್ಚು ರಕ್ತಸ್ರಾವದ ಭಯ, ದುರ್ಬಲ ಹೃದಯ ಇದ್ದಲ್ಲಿ ಇದು ಬೇಕಾಗುತ್ತದೆ.

ಇದೂ ತಪ್ಪಬಹುದು. ನೀರಿನ ಎತ್ತರವೇ ಅದರ ಒತ್ತಡ ಎಂದು ಕೊಣ್ಣೂರಿನವರಿಗೆ ಹೇಳಿಕೊಡಬೇಕಿಲ್ಲ. ಪಕ್ಕದ ಗೋಕಾಕ ಜಲಪಾತದಲ್ಲಿ ಘಟಪ್ರಭೆ ಸುಮಾರು 52 ಮೀಟರ್ ಧುಮುಕುವ ಬಲದಿಂದಲೇ ಗೋಕಾಕ ಮಿಲ್ಲಿಗೆ ಶಕ್ತಿ ಸಿಕ್ಕಿತ್ತು. ಹಾಗೆಯೇ ಅಳೆಯುವ ಸಾಧನ ಹೃದಯದ ಮಟ್ಟದಲ್ಲೇ ಇರಬೇಕು. ಹತ್ತು ಸೆಂಟಿಮೀಟರ್ ಕೆಳಗಿದ್ದರೆ ಒತ್ತಡ ಏಳೆಂಟು ಅಂಕಿ ಹೆಚ್ಚು ಕಾಣುತ್ತದೆ. ಕೊಳವೆಯಲ್ಲಿ ಗಾಳಿಗುಳ್ಳೆ ಸೇರಿದರೂ ಅಲೆ ಕೆಡುತ್ತದೆ. ಆದ್ದರಿಂದಲೇ ಅನೇಕ ವೈದ್ಯರು ಇನ್ನೊಂದು ತೋಳಿಗೆ ಪಟ್ಟಿಯನ್ನೂ ಕಟ್ಟಿರುತ್ತಾರೆ.

ನಳಿಕೆಯಿಂದ ಕಂದು, ರಕ್ತ ಒಸರುವಿಕೆ, ಸೋಂಕು ಆಗಬಹುದು. ಬೆರಳುಗಳಿಗೆ ರಕ್ತ ನಿಂತುಹೋಗುವುದು ಬಹು ಅಪರೂಪ. ಕಿರುಬೆರಳ ಕಡೆಯಿಂದ ಇನ್ನೊಂದು ರಕ್ತನಾಳವೂ ಅಂಗೈಗೆ ರಕ್ತ ಒದಗಿಸುತ್ತದೆ.

ಚುಚ್ಚದೆಯೇ ಬೆರಳಿಗೆ ಪುಟ್ಟ ಪಟ್ಟಿ ಹಾಕಿ ಸತತವಾಗಿ ಒತ್ತಡ ನೋಡುವ ಸಾಧನವೂ ಇದೆ. ಆದರೆ ಬೆರಳು ತಣ್ಣಗಾಗಿ ರಕ್ತ ಸಂಚಾರ ಕುಗ್ಗಿದಾಗ ಅದನ್ನು ನಂಬುವುದು ಕಷ್ಟ, ದುಬಾರಿಯೂ ಹೌದು.

ನೀವು ಮಾಡಬೇಕಾದದ್ದು

* ನಿಮ್ಮ ಎಂದಿನ ಬಿ.ಪಿ. ಬರೆದ ಚೀಟಿ, ನುಂಗುವ ಮಾತ್ರೆಗಳ ಪಟ್ಟಿ ಒಯ್ಯಿರಿ. ಆಪರೇಶನ್ ದಿನ ಯಾವ ಮಾತ್ರೆ ನುಂಗಬೇಕೆಂದು ಕೇಳಿ, ನೀವಾಗಿಯೇ ನಿಲ್ಲಿಸಬೇಡಿ.
* ಡಯಾಲಿಸಿಸ್‌ಗಾಗಿ ಫಿಸ್ಟುಲಾ ಮಾಡಿದ ಕೈ ಯಾವುದು, ಸ್ತನ ಕ್ಯಾನ್ಸರಿಗಾಗಿ ಕಂಕುಳ ಗ್ರಂಥಿ ತೆಗೆದ ಕಡೆ ಯಾವುದು ಎಂದು ಮೊದಲೇ ತಿಳಿಸಿ.
* 'ಪಟ್ಟಿ ಸಾಕೇ, ನಳಿಕೆ ಬೇಕೇ, ಏಕೆ?' ಎಂದು ಸಂಕೋಚವಿಲ್ಲದೆ ಕೇಳಿ.
* ನಳಿಕೆ ಹಾಕಿದ ಕೈ ಬಿಳಿಚಿಕೊಂಡರೆ, ತಣ್ಣಗಾದರೆ, ನೋವಾದರೆ, ರಕ್ತ ಒಸರಿದರೆ ತಡಮಾಡದೆ ನರ್ಸ್‌ಗೆ ಹೇಳಿ.

ನಳಿಕೆ ಹಾಕುತ್ತಾರೆಂದರೆ ರೋಗಿಯ ಸ್ಥಿತಿ ಕೈಮೀರಿದೆ ಎಂದರ್ಥವಲ್ಲ. ಕೈಮೀರುವ ಮೊದಲೇ ತಿಳಿಯಲೆಂದು ಹಾಕುವ ಸಾಧನವದು.