ಜ್ಯಾಬರ್‌ವಾಕ್ ಲ್ಯಾಟಿನ್ನಿಗೆ ಹೋದ ಬಗೆ

ಪ್ರಶ್ನೆ: ಕವಿಯೇ ಕಲ್ಪಿಸಿದ ಇಂಗ್ಲಿಷ್ ಜೋಡುಪದವನ್ನು ಲ್ಯಾಟಿನ್ನಿಗೆ ತರುವುದು ಹೇಗೆ?

ಉತ್ತರ: ಲೂಯಿಸ್ ಕ್ಯಾರಲನು 1871ರಲ್ಲಿ ಪ್ರಕಟಿಸಿದ ಆಲಿಸಳ ಎರಡನೆಯ ಕಥೆಯಲ್ಲಿ ಬರುವ ‘ಜ್ಯಾಬರ್‌ವಾಕ್’ ಎಂಬ ವಿಕಟಮೃಗದ ಪದ್ಯವನ್ನು ಮರುವರ್ಷವೇ ಲ್ಯಾಟಿನ್ನಿಗೆ ತಿರುಗಿಸಿದ ಕೇಂಬ್ರಿಜ್ಜಿನ ವಿದ್ವಾಂಸ ವ್ಯಾನ್ಸಿಟಾರ್ಟನು, ಅರ್ಥವನ್ನು ಬೆನ್ನಟ್ಟುವ ಗೋಜಿಗೇ ಹೋಗದೆ (ಜಾಣತನವೆಂದೇ ನನ್ನ ಎಣಿಕೆ), ಧ್ವನಿಯನ್ನಷ್ಟೇ ಹಿಡಿದು, ವಿಭಕ್ತಿಪ್ರತ್ಯಯಗಳು ಸಲೀಸಾಗಿ ಹತ್ತುವಂತೆ ಆ ಮೃಗಕ್ಕೆ ‘ಯಾಬ್ರೋಕಿಯುಸ್’ ಎಂದು ನಾಮಕರಣ ಮಾಡಿದನು, ಕ್ಯಾರಲನ ಚಿಕ್ಕಪ್ಪ ಹಾಸರ್ಡ್ ಡಾಡ್‌ಸನ್ನನ ಕೈಯಲ್ಲಿ ಅದೇ ‘ಗಾಬೆರ್‌ಬೊಕ್ಕುಸ್’ ಆಯಿತು. ಕರ್ತೃವೇ 1888ರಲ್ಲಿ ಬಾಸ್ಟನ್ನಿನ ಬಾಲಿಕಾ ಶಾಲೆಯೊಂದಕ್ಕೆ ಬರೆದ ಪತ್ರದಲ್ಲಿ, ಪೂರ್ವಪದಕ್ಕೆ ಆವೇಶದ ಹರಟೆಯೆಂದೂ ಉತ್ತರಪದಕ್ಕೆ ಫಲ ಅಥವಾ ಸಂತಾನವೆಂದೂ ಅರ್ಥ ಹೇಳಿದ್ದುಂಟು. ಆದರೆ ನಾಮಪದಗಳನ್ನು ಬೆಸೆಯುವುದರಲ್ಲಿ ಸಂಸ್ಕೃತದಷ್ಟು ಉದಾರವಲ್ಲದ ಲ್ಯಾಟಿನ್ನಿನಲ್ಲಿ ಆ ಸಮಾಸವನ್ನು ಅರ್ಥಾನುಸಾರವಾಗಿ ಬಿಡಿಸಿದ್ದರೆ, ಮೃಗವು ಮಾಯವಾಗಿ ಷಷ್ಠೀವಿಭಕ್ತಿಯ ಪದಪುಂಜವೊಂದು ಮಾತ್ರ ಉಳಿಯುತ್ತಿತ್ತು.