ಗಾಲಿ ನಮ್ಮದೇ, ಹಳಿ ಯಾವಾಗ?

'ರೈಲು ಬಿಡುವುದು' ಎಂದರೆ ನಮ್ಮ ಮಾತಿನಲ್ಲಿ ಸುಳ್ಳು ಹೊಸೆಯುವುದು ಎಂದೇ ಅರ್ಥ. ದೇಲಂಪಾಡಿಯಂತಹ ಊರಿನಲ್ಲಿ ರೈಲಿನ ಮಾತೆತ್ತಿದರೆ ಕೇಳಿದವರಿಗೆ ನಗು ಬರುವುದು ಸಹಜವೇ. ಪಶ್ಚಿಮಕ್ಕೆ ಹೋದರೆ ಕಾಸರಗೋಡು ನಿಲ್ದಾಣ, ಉತ್ತರಕ್ಕೆ ಗಡಿ ದಾಟಿದರೆ ಕಬಕ-ಪುತ್ತೂರು. ನಡುವಿನ ಗುಡ್ಡ, ತೋಟ, ಪಯಸ್ವಿನಿ ಹೊಳೆಯ ಬದಿಯ ಈ ಸೀಮೆಗೆ ಚೆರ್ಕಳ–ಜಾಲ್ಸೂರು ರಸ್ತೆಯ ಲಾರಿಯೇ ಗತಿ. ಅಡಿಕೆ ಹೋಗುವುದೂ ಅದರಲ್ಲೇ, ಗೊಬ್ಬರ ಬರುವುದೂ ಅದರಲ್ಲೇ.

ಹಾಗಂತ ನಮ್ಮ ದೇಶದ ರೈಲ್ವೆಗೆ ಶಕ್ತಿ ಸಾಲದೆ ಹೀಗಾಗಿದೆಯೇ? ಅಲ್ಲ ಮಾರಾಯ್ರೆ, ಶಕ್ತಿ ಧಾರಾಳ ಉಂಟು. ಅದು ಎಂತದ್ದು, ಎಲ್ಲಿ ಉಂಟು ಎಂದು ತಿಳಿದುಕೊಂಡರೆ ನಮ್ಮ ಬೇಡಿಕೆಯನ್ನೂ ಸರಿಯಾದ ಕಡೆ ಇಡಬಹುದು.

ಗುಜರಿಯಿಂದ ಗಾಲಿ

ಮೊದಲು ಬೆಂಗಳೂರಿನ ಯಲಹಂಕವನ್ನು ನೋಡಿ. ಅಲ್ಲಿನ ರೈಲು ಗಾಲಿ ಕಾರ್ಖಾನೆ ಶುರುವಾದದ್ದು 1984ರಲ್ಲಿ. ಅದಕ್ಕೂ ಮೊದಲು ಗಾಲಿ ಮತ್ತು ಅಚ್ಚುಗಳ ದೊಡ್ಡ ಪಾಲು ವಿದೇಶದಿಂದ ಬರಬೇಕಾಗಿತ್ತು. ಇಲ್ಲಿ ಕಚ್ಚಾ ವಸ್ತು ಎಂದರೆ ರೈಲ್ವೆಯದ್ದೇ ಗುಜರಿ: ಸವೆದ ಗಾಲಿ, ಹಳೆ ಅಚ್ಚು, ಹಳಿಯ ತುಂಡು. ಅದನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿ, ಗಾಳಿಯ ಒತ್ತಡದಿಂದ ಗ್ರಾಫೈಟ್ ಅಚ್ಚಿನೊಳಗೆ ಏರಿಸಿ ಹೊಸ ಗಾಲಿ ಎರೆಯುತ್ತಾರೆ. ಹಳೆಯ ಪಾತ್ರೆ ಕೊಟ್ಟು ಹೊಸತು ತೆಗೆದುಕೊಂಡ ಹಾಗೆ.

ಎಂಜಿನ್‌ನ ಕತೆಯೂ ಹಾಗೆಯೇ. ಪಶ್ಚಿಮ ಬಂಗಾಳದ ಚಿತ್ತರಂಜನ್ ಕಾರ್ಖಾನೆ 1950ರಲ್ಲಿ ಆರಂಭವಾಗಿ, 1972ರವರೆಗೆ 2,351 ಉಗಿ ಎಂಜಿನ್‌ಗಳನ್ನು ಕಟ್ಟಿತು. ಆಮೇಲೆ ಉಗಿ ಬಿಟ್ಟು ವಿದ್ಯುತ್ ಹಿಡಿಯಿತು. ಮಲಯಾಳದಲ್ಲಿ ರೈಲಿಗೆ 'ತೀವಂಡಿ', ಅಂದರೆ ಬೆಂಕಿಗಾಡಿ ಎಂಬ ಹೆಸರು ಉಳಿದಿದೆ. ಕಾಸರಗೋಡಿನ ಹಳಿಯ ಮೇಲೆ ಬೆಂಕಿ ಹೋಗಿ ವಿದ್ಯುತ್ ತಂತಿ ಬಂದಿದೆ.

ಡಬ್ಬಿಗಳಿಗೆ ಮದ್ರಾಸಿನ ಪೆರಂಬೂರು ಕಾರ್ಖಾನೆ. 1955ರಲ್ಲಿ ಸ್ವಿಸ್ ಕಂಪನಿಯ ನೆರವಿನಿಂದ ಆರಂಭವಾದ ಅದೇ ಕಾರ್ಖಾನೆ 2019ರಲ್ಲಿ ಓಡಿದ ಮೊದಲ ವಂದೇ ಭಾರತ್ ರೈಲನ್ನು ಕಟ್ಟಿತು. ಈ ಮಾದರಿಯ ರೈಲು 2023ರ ಏಪ್ರಿಲ್‌ನಲ್ಲಿ ಕಾಸರಗೋಡಿಗೂ ಬಂತು. ಮಲಗಿ ಹೋಗುವ ವಂದೇ ಭಾರತ್‌ನ ಮೊದಲ ಗಾಡಿ 2024ರ ಸೆಪ್ಟೆಂಬರ್‌ನಲ್ಲಿ ಹೊರಗೆ ಕಂಡದ್ದು ಬೆಂಗಳೂರಿನ ಬೆಮೆಲ್ ಕಾರ್ಖಾನೆಯಲ್ಲಿ. ಕಲಿತದ್ದು ಹೊರಗಿನವರಿಂದ ಇರಬಹುದು, ಕೈ ಪಳಗಿದ್ದು ನಮ್ಮದೇ.

ಗುಡ್ಡಕ್ಕೆ ಹೆದರಿದವರಲ್ಲ

'ನಮ್ಮದು ಗುಡ್ಡದ ಊರು, ಇಲ್ಲಿಗೆ ರೈಲು ಎಂತದ್ದು' ಎನ್ನುವವರು ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟವನ್ನು ನೆನಪಿಸಿಕೊಳ್ಳಬೇಕು. ಐವತ್ತೈದು ಕಿ.ಮೀ. ಘಟ್ಟದಲ್ಲಿ ಐವತ್ತಕ್ಕೂ ಹೆಚ್ಚು ಸುರಂಗ. ಐವತ್ತು ಅಡಿ ಹೋದರೆ ಒಂದು ಅಡಿ ಏರು. 1979ರಲ್ಲಿ ಮೀಟರ್‌ಗೇಜ್ ಹಳಿ ಅಲ್ಲಿ ಹತ್ತಿತು. ಬ್ರಾಡ್‌ಗೇಜ್ ಮಾಡಲೆಂದು 1996ರಲ್ಲಿ ಮುಚ್ಚಿದ ದಾರಿಯಲ್ಲಿ ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರ್‌ನಲ್ಲಿ. ಹನ್ನೊಂದು ವರ್ಷ! ಕಟ್ಟುವ ಕೈ ಗಟ್ಟಿ, ಆದರೆ ಕಾಲ ನಿಧಾನ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಅದಕ್ಕೆ ಎದುರಾಗಿ ಕೊಂಕಣ ರೈಲ್ವೆ ಉಂಟು. 1990ರಲ್ಲಿ ನಿಗಮ ಸ್ಥಾಪನೆ, 1998ರ ಜನವರಿಯಲ್ಲಿ ದಾರಿ ಪೂರ್ಣ ಬಳಕೆಗೆ. ಹೊಳೆ, ಗುಡ್ಡ, ಕುಸಿಯುವ ಮಣ್ಣು ಎಲ್ಲವನ್ನೂ ದಾಟಿ ಸುಮಾರು 740 ಕಿ.ಮೀ. ಹಳಿ. ಇದು ಸಾಧ್ಯವಾದದ್ದು ಎಂಜಿನಿಯರುಗಳ ಜಾಣ್ಮೆಯಿಂದ ಮಾತ್ರ ಅಲ್ಲ. ಬಂಡವಾಳದಲ್ಲಿ ಕೇಂದ್ರದ ಪಾಲು ನೂರಕ್ಕೆ 51, ಮಹಾರಾಷ್ಟ್ರ 22, ಕರ್ನಾಟಕ 15, ಗೋವಾ ಮತ್ತು ಕೇರಳ ತಲಾ 6. ಆ ಹಳಿಯ ಒಂದು ಅಡಿಯೂ ಕೇರಳದ ನೆಲದಲ್ಲಿಲ್ಲ. ಆದರೂ ಕೇರಳ ದುಡ್ಡು ಹಾಕಿತು, ಏಕೆಂದರೆ ಆ ದಾರಿಯಿಂದ ತನ್ನ ಜನಕ್ಕೆ ಮುಂಬಯಿ ಹತ್ತಿರವಾಗುತ್ತಿತ್ತು. ಗಡಿಯ ನಾವು ಗಟ್ಟಿಯಾಗಿ ಹಿಡಿದುಕೊಳ್ಳಬೇಕಾದ ಮಾತು ಇದೇ.

ವ್ಯಾಪಾರಿಯ ಲೆಕ್ಕ

ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಉರುಳುವಾಗ ತಡೆ ಕಡಿಮೆ, ಹಾಗಾಗಿ ಅದೇ ಇಂಧನಕ್ಕೆ ಹೆಚ್ಚು ಭಾರ ಹೋಗುತ್ತದೆ. ಮುಚ್ಚಿದ ವ್ಯಾಗನ್ ಒಂದರಲ್ಲಿ ಸುಮಾರು 60 ಟನ್ ಹಿಡಿಯುತ್ತದೆ. ಅಂತಹ 42 ವ್ಯಾಗನ್‌ಗಳ ಒಂದು ಗಾಡಿ ಎಂದರೆ ಹತ್ತು ಟನ್‌ನ 250 ಲಾರಿ!

ದೇಲಂಪಾಡಿಯ ಅಡಿಕೆಯಿಂದ ಆ ಗಾಡಿ ತುಂಬೀತೇ ಎಂದು ಕೇಳಬಹುದು. ತುಂಬಲಿಕ್ಕಿಲ್ಲ. ಇಡೀ ಗಾಡಿ ಹಿಡಿಯುವ ಕಲ್ಲಿದ್ದಲು, ಸಿಮೆಂಟು, ಅದಿರಿನವರಿಗೆ ರೈಲ್ವೆ ಹೇಳಿ ಮಾಡಿಸಿದ್ದು. ಹತ್ತಿಪ್ಪತ್ತು ಚೀಲದ ಸಣ್ಣ ವ್ಯಾಪಾರಿಗೆ ಅಷ್ಟು ಒಗ್ಗುವುದಿಲ್ಲ. ಇದು ಅದರ ನಿಜವಾದ ಕೊರತೆ. ಆದರೆ ಕೊಂಕಣ ರೈಲ್ವೆ 1999ರಲ್ಲಿ ತುಂಬಿದ ಲಾರಿಯನ್ನೇ ರೈಲಿಗೆ ಹತ್ತಿಸುವ 'ರೋರೋ' ತಂದು ಒಂದು ದಾರಿ ತೋರಿಸಿತು. ಅದು ಮುಂದೆ ನಮ್ಮ ಸುರತ್ಕಲ್ ವರೆಗೂ ಬಂತು. ಮನಸ್ಸಿದ್ದರೆ ಸಣ್ಣವರಿಗೂ ರೈಲ್ವೆ ಬಗ್ಗುತ್ತದೆ ಎಂಬುದಕ್ಕೆ ಇದು ಪುರಾವೆ.

ಮಂಗಳೂರು ಸುತ್ತಿ ಪುತ್ತೂರಿಗೆ

ಈಗ ನಮ್ಮ ಪಾಡು ನೋಡಿ. ಮಂಗಳೂರಿಗೆ ದಕ್ಷಿಣದಿಂದ ರೈಲು ಮುಟ್ಟಿದ್ದು 1907ರಲ್ಲಿ. ಇಂದಿಗೂ ಕಾಸರಗೋಡು ನಿಲ್ದಾಣ ಪಾಲಕ್ಕಾಡ್ ವಿಭಾಗದ್ದು, ಪುತ್ತೂರು ಮೈಸೂರು ವಿಭಾಗದ್ದು. ಕಾಸರಗೋಡಿನಿಂದ ಪುತ್ತೂರಿಗೆ ರೈಲಿನಲ್ಲಿ ಹೋಗುವುದಾದರೆ ಉತ್ತರಕ್ಕೆ ಮಂಗಳೂರಿಗೆ ಹೋಗಿ, ಅಲ್ಲಿಂದ ಮತ್ತೆ ಪೂರ್ವಕ್ಕೆ ತಿರುಗಬೇಕು. ಮೂಗು ಹಿಡಿಯಲು ತಲೆಯ ಸುತ್ತ ಕೈ ತಂದ ಹಾಗೆ.

ಇದಕ್ಕೆ ಮದ್ದೆಂದು ಹೇಳುತ್ತಿರುವುದು ಕಾಞಂಗಾಡಿನಿಂದ ಪಾಣತ್ತೂರು, ಸುಳ್ಯ ಮಾರ್ಗವಾಗಿ ಕಾಣಿಯೂರಿಗೆ ಹಳಿ. ಸುಮಾರು 91 ಕಿ.ಮೀ., ಅದರಲ್ಲಿ 41 ಕೇರಳದಲ್ಲಿ, ಉಳಿದದ್ದು ಕರ್ನಾಟಕದಲ್ಲಿ. ಸರ್ವೆ ಆಗಿದೆ, ಹಳಿ ಬಿದ್ದಿಲ್ಲ. ಸುಳ್ಯ ಪೇಟೆಗೆ ರೈಲು ಬಂದರೆ ದೇಲಂಪಾಡಿಗೆ ನಿಲ್ದಾಣ ಜಾಲ್ಸೂರಿನ ಆಚೆಗೇ ಸಿಕ್ಕ ಹಾಗಾಗುತ್ತದೆ. ಕರಾವಳಿಯಿಂದ ಬೆಂಗಳೂರಿನ ದಾರಿಯೂ ಹತ್ತಿರವಾಗುತ್ತದೆ.

ಖರ್ಚು ದೊಡ್ಡದು, ಕಾಡು–ತೋಟ ಬಿಟ್ಟುಕೊಡಬೇಕಾಗುತ್ತದೆ, ಲಾಭ ಹುಟ್ಟುವುದೇ ಎಂದು ರೈಲ್ವೆ ಕೇಳುತ್ತದೆ. ಕೇಳಲಿ, ನ್ಯಾಯವೇ. ಜಾಗ ಹೋಗುವವರ ಮಾತನ್ನೂ ಮೊದಲೇ ಕೇಳಬೇಕು. ಆದರೆ ಗಾಲಿ, ಎಂಜಿನ್, ಡಬ್ಬಿ, ಸುರಂಗ ಕೊರೆಯುವ ವಿದ್ಯೆ ಯಾವುದಕ್ಕೂ ಈ ದೇಶದಲ್ಲಿ ಬರವಿಲ್ಲ. ಬರ ಇರುವುದು ಎರಡು ರಾಜಧಾನಿಗಳು ಒಂದೇ ಮೇಜಿಗೆ ಬರುವುದಕ್ಕೆ. ಒಬ್ಬರಿಗೆ ಇದು ತಮ್ಮ ರಾಜ್ಯದ ಉತ್ತರದ ತುದಿ, ಇನ್ನೊಬ್ಬರಿಗೆ ದಕ್ಷಿಣದ ಮೂಲೆ.

ಅಡಿಕೆ ಬೆಲೆ ಕುಸಿದು ಬೆಳೆಗಾರ ಕಂಗೆಟ್ಟಾಗ, 1973ರಲ್ಲಿ ಇದೇ ಎರಡು ರಾಜ್ಯಗಳ ರೈತರು ಒಂದಾಗಿ ಕ್ಯಾಂಪ್ಕೊ ಕಟ್ಟಿದರು. ಅದು ಗಡಿ ನೋಡಲಿಲ್ಲ, ಅಡಿಕೆ ನೋಡಿತು. ರೈಲಿನ ವಿಷಯದಲ್ಲೂ ದೇಲಂಪಾಡಿ, ಸುಳ್ಯ, ಪಾಣತ್ತೂರುಗಳ ಪಂಚಾಯತು, ಸಹಕಾರಿ ಸಂಘ, ವ್ಯಾಪಾರಿಗಳು ಕನ್ನಡದಲ್ಲಿ ಒಂದು, ಮಲಯಾಳದಲ್ಲಿ ಒಂದು ಮನವಿ ಬರೆದು, ಒಂದೇ ಮಾತು ಹೇಳಬೇಕು. ಎಷ್ಟು ಟನ್ ಹೋಗುತ್ತದೆ, ಎಷ್ಟು ಬರುತ್ತದೆ, ಎಷ್ಟು ಜನ ಓಡಾಡುತ್ತಾರೆ ಎಂಬ ಲೆಕ್ಕ ಅದರ ಜತೆಗಿರಲಿ. ಲೆಕ್ಕವಿಲ್ಲದ ಬೇಡಿಕೆಯನ್ನು ದೆಹಲಿಯಲ್ಲಿಯೂ 'ರೈಲು ಬಿಡುವುದು' ಎಂದೇ ತಿಳಿಯುತ್ತಾರೆ.