‘ಕೈ ಏಳುವುದಿಲ್ಲ’ ಎಂಬ ಮಾತು

ಶಕ್ತಿಯ ವಿಷಯ ಬಂದಾಗಲೆಲ್ಲ ಕನ್ನಡ ಭಾಷೆ ಕೈಯನ್ನೇ ಮುಂದೆ ಮಾಡುತ್ತದೆ. ಕೆಲಸ ಆದರೆ ಕೈಗೂಡಿತು ಎನ್ನುತ್ತೇವೆ. ಆಗದಿದ್ದರೆ ಕೈಲಾಗಲಿಲ್ಲ ಎನ್ನುತ್ತೇವೆ. ಆಸೆ ಬಿಟ್ಟವನನ್ನು ಕೈಚೆಲ್ಲಿದ ಎನ್ನುತ್ತೇವೆ. ಆದರೆ ಆ ಕೈಯನ್ನು ಎತ್ತಿ ಹಿಡಿಯುವುದು ಹೆಗಲು. ಮೂವತ್ತು ವರ್ಷಗಳಿಗೂ ಮಿಕ್ಕಿ ಕನ್ನಡ ಪಾಠ ಹೇಳಿದ ನನಗೆ, ‘ಕೈ ಏಳುವುದಿಲ್ಲ’ ಎಂಬ ಎರಡು ಪದಗಳ ವಾಕ್ಯಕ್ಕೆ ಎರಡು ಬೇರೆ ಅರ್ಥಗಳುಂಟೆಂದು ತಿಳಿದದ್ದು ನಿವೃತ್ತಿಯ ನಂತರ. ಅದೂ ತಡವಾಗಿ ತಿಳಿಯಿತು. ಆ ತಡದ ಬೆಲೆಯನ್ನು ತೆತ್ತವನು ನಾನಲ್ಲ, ಇನ್ನೊಬ್ಬ.

ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲೂಕುಗಳಲ್ಲಿ ಅಡಿಕೆ ತೋಟದ ಬದುಕು ಎಂದರೆ ಬಹುಮಟ್ಟಿಗೆ ಹೆಗಲಿನ ದುಡಿಮೆ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಸುಮಾರು ನಲವತ್ತು ನಲವತ್ತೈದು ದಿನ ಬಿಟ್ಟು ಮತ್ತೊಮ್ಮೆ, ಕೊಳೆರೋಗಕ್ಕೆ ಔಷಧಿ ಹೊಡೆಯಬೇಕು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಸೇರಿಸಿದ ಬೋರ್ಡೋ ದ್ರಾವಣವನ್ನು ಮರದ ತುದಿಯ ಗೊನೆಗೆ ಮುಟ್ಟಿಸುವವನು, ಮಳೆ ಕಳೆದ ಮೇಲೆ ಆ ಗೊನೆಯನ್ನು ಇಳಿಸುವವನು, ನಮ್ಮ ಕಡೆ ಕೊನೆಗೌಡನೆಂದು ಕರೆಯಿಸಿಕೊಳ್ಳುವ ಮನುಷ್ಯ. ಆತ ಮರ ಹತ್ತುತ್ತಾನೆ, ಒಂದು ಮರದಿಂದಲೇ ಪಕ್ಕದ ಮರವನ್ನು ಬಾಗಿಸಿ ಹಿಡಿದು ದಾಟಿಕೊಳ್ಳುತ್ತಾನೆ. ಈಚಿನ ವರ್ಷಗಳಲ್ಲಿ ನೆಲದ ಮೇಲೆ ನಿಂತೇ ಕೊಯ್ಯುವ, ಹಗುರವಾದ ಕಾರ್ಬನ್ ಫೈಬರ್ ದೋಟಿಗಳು ಬಂದಿವೆ. ಮರದಿಂದ ಬೀಳುವ ಭಯ ಅದರಿಂದ ತಪ್ಪುತ್ತದೆ. ಆದರೆ ದಿನವಿಡೀ ಕೈಯನ್ನು ತಲೆಯ ಮೇಲೆತ್ತಿ ದುಡಿಯುವುದು ತಪ್ಪುವುದಿಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ಎಡ ಹೆಗಲು ಬಿಗಿಯತೊಡಗಿತು. ಮೊದಲು ರಾತ್ರಿ ನೋವು. ಬರಬರುತ್ತ ಪಂಚೆಯ ಕಚ್ಚೆಯನ್ನು ಹಿಂದಕ್ಕೆ ಸಿಕ್ಕಿಸಲು ಕೈ ಹೋಗದಾಯಿತು. ನನಗೆ ಸಕ್ಕರೆ ಕಾಯಿಲೆ ಉಂಟು. ‘ಹೆಗಲು ಹೆಪ್ಪುಗಟ್ಟಿದೆ’ ಎಂದು ವೈದ್ಯರು ಹೇಳಿ, ಗೋಡೆಯ ಮೇಲೆ ಬೆರಳುಗಳನ್ನು ಮೆಲ್ಲಗೆ ಮೇಲಕ್ಕೆ ನಡೆಸುವುದೇ ಮೊದಲಾದ ವ್ಯಾಯಾಮಗಳನ್ನು ಕಲಿಸಿದರು. ಒಂದೂವರೆ ವರ್ಷದಲ್ಲಿ ನನ್ನ ಕೈ ಬಹುಪಾಲು ಹಿಂದಿನಂತಾಯಿತು.

ಆ ಗೆಲುವಿನ ಹುರುಪಿನಲ್ಲಿಯೇ ನಾನು ತಪ್ಪು ಮಾಡಿದ್ದು. ಹೊಸನಗರ ತಾಲೂಕಿನ ನಮ್ಮ ತೋಟಕ್ಕೆ ಬರುತ್ತಿದ್ದ ಕೊನೆಗೌಡ ಒಮ್ಮೆ ಮರದಲ್ಲಿ ಕಾಲು ಜಾರಿ, ಬಲಗೈಯೊಂದರಲ್ಲೇ ಜೋತು, ಹೇಗೋ ಸಾವರಿಸಿಕೊಂಡು ಇಳಿದ. ಮರುದಿನದಿಂದ ಆತನ ಬಲಗೈ ಏಳದಾಯಿತು. ‘ಮೇಷ್ಟ್ರೇ, ಕೈ ಏಳೂದಿಲ್ಲ’ ಎಂದ. ನನ್ನ ಕೈಯೂ ಹೀಗೆಯೇ ಇತ್ತೆಂದು ಹೇಳಿ, ನನ್ನ ವ್ಯಾಯಾಮಗಳನ್ನೇ ಆತನಿಗೂ ಕಲಿಸಿದೆ. ನಾಲ್ಕು ತಿಂಗಳು ಆತ ಶ್ರದ್ಧೆಯಿಂದ ಮಾಡಿದ. ಕೈ ಏಳಲಿಲ್ಲ. ಕೊನೆಗೆ ಶಿವಮೊಗ್ಗಕ್ಕೆ ಕರೆದುಕೊಂಡು ಹೋದಾಗ ಫಿಸಿಯೋಥೆರಪಿಯ ತರುಣಿಯೊಬ್ಬಳು ಅರ್ಧ ಗಂಟೆ ಆತನ ಹೆಗಲನ್ನು ಪರೀಕ್ಷಿಸಿದಳು. ನಾನು ಪಕ್ಕದಲ್ಲಿ ಕುಳಿತು ನೋಡಿದೆ. ಅಂದು ಕಂಡು, ಕೇಳಿ, ಬಳಿಕ ಓದಿ ತಿಳಿದದ್ದನ್ನು ಇಂದು ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ಹೆಗಲಿನ ರಚನೆಯನ್ನು ನೋಡೋಣ. ಸೊಂಟದ ಕೀಲು ಒರಳಿನೊಳಗಿನ ಗುಂಡಿನಂತೆ ಆಳವಾಗಿ ಕೂತಿರುತ್ತದೆ. ಹೆಗಲಿನ ಕೀಲು ಹಾಗಲ್ಲ; ಸಣ್ಣ ತಟ್ಟೆಯ ಮೇಲೆ ಮೂಸಂಬಿಯನ್ನಿಟ್ಟಂತೆ, ತೋಳಿನ ಎಲುಬಿನ ದುಂಡುತಲೆ ಹೆಗಲೆಲುಬಿನ ಆಳವಿಲ್ಲದ ಗುಳಿಗೆ ಆತುಕೊಂಡಿರುತ್ತದೆ. ಆದ್ದರಿಂದಲೇ ಅದಕ್ಕೆ ದೇಹದ ಬೇರಾವ ಕೀಲಿಗೂ ಇಲ್ಲದ ಚಲನೆಯ ಸ್ವಾತಂತ್ರ್ಯ. ಆದ್ದರಿಂದಲೇ ಅಭದ್ರತೆಯೂ ಹೆಚ್ಚು. ಆ ದುಂಡುತಲೆ ಜಾರದಂತೆ ನಾಲ್ಕು ಸ್ನಾಯುಗಳ ತುದಿಗಳು ಅಂಗಿಯ ತೋಳಿನ ಪಟ್ಟಿಯ ಹಾಗೆ ಅದನ್ನು ಬಳಸಿ ಹಿಡಿದಿವೆ. ಇವುಗಳ ಹೊರಗೆ ಹೆಗಲಿನ ದುಂಡನೆಯ ದೊಡ್ಡ ಸ್ನಾಯು. ಕೈಯನ್ನು ಪೂರ್ತಿ ಮೇಲೆತ್ತಿದಾಗ ಆಗುವ 180 ಡಿಗ್ರಿ ಚಲನೆಯಲ್ಲಿ ಸುಮಾರು 120 ಡಿಗ್ರಿ ಕೀಲಿನದು. ಉಳಿದ 60 ಡಿಗ್ರಿ ಬೆನ್ನಿನ ಮೇಲೆ ಜಾರುತ್ತ ತಿರುಗುವ ಹೆಗಲೆಲುಬಿನದು.

ಪರೀಕ್ಷೆ ಕಣ್ಣಿನಿಂದ ಆರಂಭವಾಗುತ್ತದೆ. ಅಂಗಿ ಕಳಚಿಸಿ, ಎರಡು ಹೆಗಲುಗಳನ್ನೂ ಮುಂದಿನಿಂದ, ಹಿಂದಿನಿಂದ ಹೋಲಿಸಿ ನೋಡುತ್ತಾರೆ: ಒಂದು ಕಡೆ ಮಾಂಸ ಇಳಿದಿದೆಯೆ, ಹೆಗಲೆಲುಬು ಎದ್ದು ಕಾಣುತ್ತಿದೆಯೆ? ಬಳಿಕ ರೋಗಿಯೇ ಕೈಯನ್ನು ಮುಂದಕ್ಕೆ, ಪಕ್ಕಕ್ಕೆ, ಹಿಂದಕ್ಕೆ ಎತ್ತಬೇಕು. ಮೊಳಕೈ ಮಡಿಚಿ ಒಳಕ್ಕೂ ಹೊರಕ್ಕೂ ತಿರುಗಿಸಬೇಕು. ನೋವಿಲ್ಲದ ಕೈಯದು ಮೊದಲು, ಏಕೆಂದರೆ ಆತನ ಅಳತೆಗೋಲು ಆತನದೇ ಇನ್ನೊಂದು ಕೈ. ನೋವು ಎಲ್ಲಿ ಆರಂಭವಾಗಿ ಎಲ್ಲಿ ನಿಲ್ಲುತ್ತದೆಂಬುದನ್ನೂ ಗಮನಿಸುತ್ತಾರೆ. ಪಕ್ಕಕ್ಕೆ ಎತ್ತುವಾಗ 60ರಿಂದ 120 ಡಿಗ್ರಿಯ ನಡುವೆ ಮಾತ್ರ ನೋವು ಬಂದರೆ, ಸ್ನಾಯುವಿನ ತುದಿ ಮೇಲಿನ ಎಲುಬಿನಡಿ ಉಜ್ಜುತ್ತಿರಬಹುದೆಂಬ ಅನುಮಾನಕ್ಕೆ ಎಡೆಯುಂಟು.

ಅನಂತರದ್ದೇ ನಾನು ತಿಳಿಯದೆ ಹೋದ ಹಂತ. ರೋಗಿ ಕೈಯನ್ನು ಸಡಿಲ ಬಿಡಬೇಕು. ಪರೀಕ್ಷಿಸುವವರು ಅದನ್ನು ತಾವೇ ಹಿಡಿದು ಎತ್ತುತ್ತಾರೆ. ಆಕೆ ನನ್ನ ಕೊನೆಗೌಡನ ಕೈಯನ್ನು ಹೀಗೆ ಎತ್ತಿದಾಗ ಅದು ಬಹುಮಟ್ಟಿಗೆ ಕಿವಿಯವರೆಗೂ ಹೋಯಿತು! ನನ್ನ ಹೆಗಲು ಬಿಗಿದಿದ್ದ ಕಾಲದಲ್ಲಿ ನಾನು ಎತ್ತಿದರೂ ಏಳುತ್ತಿರಲಿಲ್ಲ, ವೈದ್ಯರು ಎತ್ತಿದರೂ ಏಳುತ್ತಿರಲಿಲ್ಲ. ನನ್ನ ಕೀಲಿನ ಬಾಗಿಲಿಗೆ ತುಕ್ಕು ಹಿಡಿದಿತ್ತು. ಆತನ ಬಾಗಿಲು ಸಲೀಸಾಗಿ ತೆರೆಯುತ್ತಿತ್ತು. ಅದನ್ನು ಎಳೆಯುವ ಹಗ್ಗವೇ ಹರಿದಿತ್ತು. ನಮ್ಮಿಬ್ಬರ ಬಾಯಲ್ಲೂ ಬಂದದ್ದು ಒಂದೇ ಮಾತು.

ಚಲನೆಯನ್ನು ಕಣ್ಣಂದಾಜಿಗೆ ಬಿಡುವಂತಿಲ್ಲ. ಎರಡು ಕಡ್ಡಿಗಳನ್ನು ಜೋಡಿಸಿದ ಕೋನಮಾಪಕವನ್ನು ಕೀಲಿನ ನೇರಕ್ಕಿಟ್ಟು, ಒಂದು ಕಡ್ಡಿಯನ್ನು ಮುಂಡದ ಉದ್ದಕ್ಕೂ ಇನ್ನೊಂದನ್ನು ತೋಳಿನ ಉದ್ದಕ್ಕೂ ಹಿಡಿದು ಡಿಗ್ರಿಯನ್ನು ಓದುತ್ತಾರೆ. ಮುಂದಕ್ಕೂ ಪಕ್ಕಕ್ಕೂ ಸುಮಾರು 180, ಹಿಂದಕ್ಕೆ 60, ಹೊರತಿರುವು 90, ಒಳತಿರುವು 70 ಎಂಬುದು ಸಾಮಾನ್ಯವಾಗಿ ಬಳಸುವ ಲೆಕ್ಕ; ವಯಸ್ಸಾದವರಲ್ಲಿ ಇದು ಸ್ವಲ್ಪ ಕಡಿಮೆ. ರೋಗಿ ತಿಳಿಯದೆಯೇ ಮೋಸ ಮಾಡುವುದುಂಟು: ಬೆನ್ನು ಹಿಂದಕ್ಕೆ ಬಾಗಿಸುತ್ತಾನೆ, ಹೆಗಲನ್ನು ಕಿವಿಯತ್ತ ಕುಗ್ಗಿಸುತ್ತಾನೆ, ಕೈ ಎದ್ದಂತೆ ಕಾಣುತ್ತದೆ. ಅದನ್ನು ತಡೆದೇ ಅಳೆಯಬೇಕು. ಹೆಪ್ಪುಗಟ್ಟಿದ ಹೆಗಲಿನಲ್ಲಿ ಬಹುಪಾಲು ಮೊದಲು ಮುಗ್ಗರಿಸುವುದು ಹೊರತಿರುವು. ಆ ಒಂದು ಅಂಕೆ ಎಷ್ಟೋ ಸಂಗತಿಯನ್ನು ಹೇಳುತ್ತದೆ.

ಇನ್ನು ಬಲದ ಪರೀಕ್ಷೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ನರಗಳಿಗೆ ಪೆಟ್ಟಾದವರ ಪರೀಕ್ಷೆಗೆಂದು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಲಿ ರೂಪಿಸಿದ ಸೊನ್ನೆಯಿಂದ ಐದರವರೆಗಿನ ಮೆಟ್ಟಿಲನ್ನೇ ಇಂದಿಗೂ ಬಳಸುತ್ತಾರೆ. ಸ್ನಾಯು ಮಿಡುಕದಿದ್ದರೆ ಸೊನ್ನೆ. ಮಿಡುಕಿದರೂ ಕೈ ಸರಿಯದಿದ್ದರೆ ಒಂದು. ಅಂಗಾತ ಮಲಗಿ, ಹಾಸಿಗೆಯ ಮೇಲೆಯೇ ತೋಳನ್ನು ಪಕ್ಕಕ್ಕೆ ಸರಿಸಬಲ್ಲವನಿಗೆ, ಎಂದರೆ ಭೂಮಿಯ ಸೆಳೆತವನ್ನು ಎದುರಿಸಬೇಕಾಗಿಲ್ಲದಾಗ ಮಾತ್ರ ಚಲಿಸಬಲ್ಲವನಿಗೆ, ಎರಡು. ಕುಳಿತು, ಸೆಳೆತವನ್ನು ಮೀರಿ ಎತ್ತಿದರೆ ಮೂರು. ಪರೀಕ್ಷಿಸುವವರ ಕೈ ಅಡ್ಡ ಒತ್ತಿದಾಗ ಕೊಂಚ ತಡೆದರೆ ನಾಲ್ಕು. ಪೂರ್ಣ ಬಲದಿಂದ ತಡೆದರೆ ಐದು. ಮರವೇರಿ ಹುರಿಗೊಂಡ ಹೆಗಲು ಸೋತಾಗಲೂ ಇತರರ ಹೆಗಲಿಗಿಂತ ಗಟ್ಟಿಯಾಗಿರಬಹುದು. ಆದ್ದರಿಂದ ಇಲ್ಲಿಯೂ ಎರಡು ಕೈಗಳ ಹೋಲಿಕೆ ಬೇಕು. ನೋವಿನಿಂದ ಬಿಟ್ಟುಕೊಟ್ಟನೋ ಬಲವಿಲ್ಲದೆ ಬಿಟ್ಟನೋ ಎಂಬುದನ್ನೂ ಕೇಳಿ ಬರೆದಿಡಬೇಕು. ಕೊನೆಗೌಡನ ಕೈಯನ್ನು ಪಕ್ಕಕ್ಕೆ ಎತ್ತಿ ನಿಲ್ಲಿಸಿ ಬಿಟ್ಟಾಗ ಅದು ತಡೆಯಲಾರದೆ ಕೆಳಗೆ ಬಿತ್ತು. ಆಮೇಲೆ ಅಲ್ಟ್ರಾಸೌಂಡ್ ಚಿತ್ರ ಅದನ್ನೇ ಹೇಳಿತು: ಸ್ನಾಯುವಿನ ತುದಿ ಹರಿದಿದೆ.

ಪೆಟ್ಟಿನಿಂದ ಹರಿದ ತುದಿ ದಿನ ಕಳೆದಂತೆ ಹಿಂದಕ್ಕೆ ಸೇದಿಕೊಳ್ಳುತ್ತದೆ, ಸ್ನಾಯು ಬತ್ತುತ್ತದೆ. ಹೊಲಿಯಬಹುದಾದದ್ದನ್ನು ಹೊಲಿಯುವುದು ಕಷ್ಟವಾಗುತ್ತದೆ. ನನ್ನ ಉಪದೇಶ ನುಂಗಿದ್ದು ಅಂಥ ನಾಲ್ಕು ತಿಂಗಳನ್ನು.

ಮನೆಯಲ್ಲಿ ಅಳತೆಯ ಕಡ್ಡಿ ಬೇಕಾಗಿಲ್ಲ. ಬಾಚಣಿಗೆ ತಲೆಯ ಹಿಂಭಾಗಕ್ಕೆ ಹೋಗುತ್ತದೆಯೆ? ಅಟ್ಟದ ಮೇಲಿನ ಡಬ್ಬಿ ಕೈಗೆ ಸಿಗುತ್ತದೆಯೆ? ಬೆನ್ನ ಹಿಂದೆ ಹೆಬ್ಬೆರಳು ಎಷ್ಟೆತ್ತರ ಏರುತ್ತದೆ? ಇನ್ನೊಬ್ಬರು ಮೆಲ್ಲಗೆ ಎತ್ತಿದರೆ ಕೈ ಏಳುತ್ತದೆಯೆ? ಇಷ್ಟನ್ನು ಗಮನಿಸಿ ತಾಲೂಕು ಆಸ್ಪತ್ರೆಯಲ್ಲಿ ಹೇಳಿದರೆ ವೈದ್ಯರ ಅರ್ಧ ಕೆಲಸ ಹಗುರಾಗುತ್ತದೆ. ಆದರೆ ಬಿದ್ದು ಪೆಟ್ಟಾದಾಗ ಬಲವಂತವಾಗಿ ಎತ್ತಿ ನೋಡಬಾರದು. ಕೈಯನ್ನು ಆಡಿಸಿದರೂ ಆಡಿಸದಿದ್ದರೂ ಒಂದೇ ಸಮನಾದ ಹೆಗಲುನೋವು, ಎದೆ ಬಿಗಿತ, ಬೆವರು, ಏದುಸಿರು ಜೊತೆಗೂಡಿ ಬಂದರೆ ಅದು ಹೃದಯದ ಕರೆ ಇರಬಹುದು. ಎಣ್ಣೆ ನೀವುತ್ತ ಕೂರದೆ ಕೂಡಲೇ ಆಸ್ಪತ್ರೆ ಸೇರಬೇಕು. ಹೆಗಲುನೋವಿನೊಡನೆ ಕತ್ತಿನ ನೋವು, ಬೆರಳುಗಳ ಜೋಮು ಇದ್ದರೆ ಮೂಲ ಕತ್ತಿನಲ್ಲಿರಬಹುದು.

ಕೊನೆಗೌಡ ಚಿಕಿತ್ಸೆ ಪಡೆದ. ಕೈ ಈಗ ಹೆಗಲ ಮಟ್ಟಕ್ಕಿಂತ ಮೇಲೆ ಏಳುತ್ತದೆ. ಊಟ, ಸ್ನಾನ, ಅಡಿಕೆ ಸುಲಿಯುವುದು ಎಲ್ಲ ಆಗುತ್ತದೆ. ‘ಕೈ ಏಳ್ತದೆ ಮೇಷ್ಟ್ರೇ, ಮರ ಹತ್ತೂಕೆ ಮಾತ್ರ ಆಗೂದಿಲ್ಲ’ ಎನ್ನುತ್ತಾನೆ. ನನ್ನನ್ನು ದೂರುವುದಿಲ್ಲ. ಮರ ಹತ್ತುವುದೇ ಕಸುಬಾದವನಿಗೆ ಆ ಮಾತಿನ ತೂಕವೆಷ್ಟೆಂದು ನನಗೆ ಗೊತ್ತು. ಒಬ್ಬನ ಔಷಧಿಯನ್ನು ಇನ್ನೊಬ್ಬನಿಗೆ ಕೊಡಬಾರದೆಂದು ನಾವೆಲ್ಲ ಬಲ್ಲೆವು. ಒಬ್ಬನ ವ್ಯಾಯಾಮವೂ ಹಾಗೆಯೇ ಎಂಬುದನ್ನು ನಾನು ಆತನ ಹೆಗಲಿನಿಂದ ಕಲಿತೆ. ‘ಕೈ ಏಳುವುದಿಲ್ಲ’ ಎಂದು ನಿಮ್ಮ ಮನೆಯವರೋ ನಿಮ್ಮ ತೋಟದ ಆಳೋ ಹೇಳಿದರೆ, ಮದ್ದು ಹೇಳುವ ಮೊದಲು ಅಳೆದು ನೋಡುವವರ ಬಳಿಗೆ ಕಳುಹಿಸಿ.

(ಆಕಾಶವಾಣಿ ಭಾಷಣ)